ಅಪಘಾತ ಒಂದು, ವಿಮೆ ಹಲವು: ಕೈಗೆ ಬರುವ ಹಣವೆಷ್ಟು?

(ರೈತರ ತರಬೇತಿ ಶಿಬಿರದಲ್ಲಿ ನೀಡಿದ ಭಾಷಣ)



ಎತ್ತಿನ ಗಾಡಿ ನಿಲ್ಲುತ್ತಿದ್ದ ಅಂಗಳದಲ್ಲಿ ಇಂದು ಟ್ರ್ಯಾಕ್ಟರು, ಮೋಟಾರ್ ಸೈಕಲ್ಲು ನಿಂತಿವೆ. ಅವುಗಳ ಜೊತೆಗೆ ವಿಮೆಯ ಕಾಗದಗಳೂ ಮನೆಗೆ ಬಂದಿವೆ. ವಾಹನಕ್ಕೊಂದು ಪಾಲಿಸಿ, ಜೀವಕ್ಕೊಂದು, ಬ್ಯಾಂಕಿನ ಖಾತೆಯ ಮೂಲಕ ಮತ್ತೊಂದು. ಅಪಘಾತವಾದಾಗ ಕೆಲವರು ಎಲ್ಲ ಪಾಲಿಸಿಗಳಿಂದಲೂ ಪೂರ್ತಿ ಹಣ ಬರುವುದೆಂದು ನಂಬಿ ಸಾಲ ಮಾಡುತ್ತಾರೆ. ಇನ್ನು ಕೆಲವರು ಒಂದು ಕಡೆ ಹಣ ಬಂತೆಂದು ಉಳಿದ ಪಾಲಿಸಿಗಳನ್ನು ಪೆಟ್ಟಿಗೆಯಲ್ಲೇ ಬಿಡುತ್ತಾರೆ. ಎರಡೂ ತಪ್ಪೇ.

ಎರಡು ಬಗೆಯ ವಿಮೆ

ಮೊದಲನೆಯದು ನಷ್ಟ ತುಂಬಿಕೊಡುವ ವಿಮೆ. ವಾಹನದ ದುರಸ್ತಿ, ಆಸ್ಪತ್ರೆಯ ಖರ್ಚು ಇದರಲ್ಲಿ ಸೇರುತ್ತವೆ. ಇಲ್ಲಿ ಪಾಲಿಸಿ ಎಷ್ಟೇ ಇರಲಿ, ಆದ ನಷ್ಟಕ್ಕಿಂತ ಹೆಚ್ಚು ಹಣ ಸಿಗದು. ಟ್ರ್ಯಾಕ್ಟರಿನ ದುರಸ್ತಿಗೆ 60,000 ರೂಪಾಯಿ ತಗುಲಿತೆನ್ನೋಣ. ಡಿಕ್ಕಿ ಹೊಡೆದ ಲಾರಿಯ ವಿಮೆಯಿಂದ ಅಷ್ಟೂ ಬಂದಿದ್ದರೆ, ಅದೇ ಖರ್ಚನ್ನು ಸ್ವಂತ ವಿಮೆಯಿಂದ ಮತ್ತೆ ಪಡೆಯುವಂತಿಲ್ಲ. ಆದರೆ ಆಸ್ಪತ್ರೆಯ ಬಿಲ್ಲು 1,50,000 ರೂಪಾಯಿ ಆಗಿ, ಒಂದು ಆರೋಗ್ಯ ಪಾಲಿಸಿಯ ಮಿತಿ 1,00,000 ಇದ್ದರೆ, ಉಳಿದ 50,000ಕ್ಕೆ ಎರಡನೆಯ ಪಾಲಿಸಿಯಲ್ಲಿ ಅದರ ಷರತ್ತುಗಳಂತೆ ಅರ್ಜಿ ಹಾಕಬಹುದು.

ಎರಡನೆಯದು ನಿಗದಿತ ಮೊತ್ತ ಕೊಡುವ ವಿಮೆ. ಜೀವವಿಮೆ ಇದಕ್ಕೆ ಉದಾಹರಣೆ. ಪ್ರಾಣಕ್ಕೆ ಬೆಲೆ ಕಟ್ಟಲಾಗದು. ಆದುದರಿಂದ ಎರಡು ಜೀವವಿಮೆ ಇದ್ದರೆ ಎರಡರ ಹಣವೂ ಮನೆಯವರಿಗೆ ಸೇರಬೇಕು. ಅಪಘಾತದ ಪರಿಹಾರದಿಂದ ಜೀವವಿಮೆಯ ಹಣವನ್ನು ಕಳೆಯಕೂಡದೆಂದು ಸರ್ವೋಚ್ಚ ನ್ಯಾಯಾಲಯ 1998ರಲ್ಲೇ ತೀರ್ಪಿತ್ತಿದೆ. ಇದನ್ನು ತಿಳಿಯದೆ ಎಷ್ಟೋ ಕುಟುಂಬಗಳು ತಮಗೆ ಸಲ್ಲಬೇಕಾದ ಹಣವನ್ನು ಬಿಟ್ಟುಬಿಡುತ್ತವೆ.

ಕಾನೂನಿನ ಮಿತಿಗಳು

ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ ಅಪಘಾತದ ಸಾವಿಗೆ 2 ಲಕ್ಷ ರೂಪಾಯಿ ದೊರೆಯುತ್ತದೆ. 2022ರ ಜೂನ್ 1ರಿಂದ ಇದರ ವಾರ್ಷಿಕ ಕಂತು 20 ರೂಪಾಯಿ. ಮೂರು ಬ್ಯಾಂಕುಗಳಲ್ಲಿ ಕಂತು ಕಟ್ಟಿದ್ದರೂ ಸಿಗುವುದು 2 ಲಕ್ಷ ಮಾತ್ರ. ಹೆಚ್ಚುವರಿ ಕಂತು ಮುಟ್ಟುಗೋಲಾಗಬಹುದು.

ವಾಹನವನ್ನು ತಾನೇ ನಡೆಸುವ ಮಾಲೀಕನಿಗೆ 15 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ವಿಮೆ ಇದೆ. 2019ರಿಂದ ಇದನ್ನು ಪ್ರತ್ಯೇಕ ಪಾಲಿಸಿಯಾಗಿ ಕೊಳ್ಳಬಹುದು. ಟ್ರ್ಯಾಕ್ಟರು, ಬೈಕು ಎರಡೂ ಒಬ್ಬನ ಹೆಸರಿನಲ್ಲಿದ್ದರೆ ಇಂಥ ಒಂದೇ ಪಾಲಿಸಿ ಸಾಕು. ಚಾಲನಾ ಪರವಾನಗಿ ಮಾತ್ರ ಊರ್ಜಿತದಲ್ಲಿರಬೇಕು.

ಟ್ರ್ಯಾಕ್ಟರಿನ ಕೆಲಸದಲ್ಲಿ ಕೂಲಿಯಾಳು ಗಾಯಗೊಂಡರೆ, ಕಾರ್ಮಿಕ ಪರಿಹಾರದ ಕಾನೂನು ಅಥವಾ ಮೋಟಾರು ವಾಹನ ಕಾಯಿದೆ, ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು. 167ನೆಯ ಕಲಂ ಎರಡನ್ನೂ ಒಟ್ಟಿಗೆ ಕೊಡುವುದಿಲ್ಲ.

ಗುದ್ದಿ ಓಡಿಹೋದ ವಾಹನ ಪತ್ತೆಯಾಗದಿದ್ದರೆ, 2022ರ ಯೋಜನೆಯಂತೆ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ ಉಂಟು. ಮುಂದೆ ವಾಹನ ಪತ್ತೆಯಾಗಿ ಬೇರೆ ಪರಿಹಾರ ಬಂದರೆ ಮೊದಲು ಪಡೆದ ಹಣವನ್ನು ಅದರಿಂದ ಹಿಂದಿರುಗಿಸಬೇಕು.

ನೆನಪಿಡಬೇಕಾದ ಅಂಶಗಳು

1. ಮನೆಯ ಎಲ್ಲ ಪಾಲಿಸಿಗಳ ಸಂಖ್ಯೆ, ಕಂಪನಿ, ನಾಮಿನಿಯ ಹೆಸರನ್ನು ಒಂದೇ ಪುಸ್ತಕದಲ್ಲಿ ಬರೆದಿಡಿ. ಮನೆಯ ಹೆಂಗಸರಿಗೂ ಅದನ್ನು ತೋರಿಸಿ.

2. ಬ್ಯಾಂಕಿನ ಪಾಸ್ ಪುಸ್ತಕ ನೋಡಿ, ಎರಡು ಕಡೆ ಕಂತು ಕಡಿತವಾಗುತ್ತಿದ್ದರೆ ಒಂದನ್ನು ನಿಲ್ಲಿಸಿ.

3. ಅಪಘಾತವಾದ ಕೂಡಲೇ ಪೋಲೀಸ್ ದೂರು ದಾಖಲಿಸಿ. ಪ್ರಥಮ ವರ್ತಮಾನ ವರದಿ, ಆಸ್ಪತ್ರೆಯ ದಾಖಲೆ, ಮರಣೋತ್ತರ ಪರೀಕ್ಷೆಯ ವರದಿ ಇವುಗಳ ಹಲವು ಪ್ರತಿಗಳನ್ನು ಇಟ್ಟುಕೊಳ್ಳಿ. ಪ್ರತಿಯೊಂದು ಕಂಪನಿಯೂ ಕೇಳುತ್ತದೆ.

4. ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಆರು ತಿಂಗಳೊಳಗೆ ಅರ್ಜಿ ಸಲ್ಲಿಸಿ.

5. ಒಂದು ಕಡೆ ಹಣ ಪಡೆದುದನ್ನು ಇನ್ನೊಂದು ಕಡೆ ಮುಚ್ಚಿಡಬೇಡಿ. ನ್ಯಾಯವಾಗಿ ಬರುವ ಹಣವೂ ಅದರಿಂದ ಕೈತಪ್ಪೀತು.

ಬಿತ್ತುವ ಮೊದಲೇ ಬೀಜ ಪರೀಕ್ಷಿಸುವ ರೈತ, ಕಂತು ಕಟ್ಟುವ ಮೊದಲೇ ಪಾಲಿಸಿಯನ್ನೂ ಓದಿಸಿ ಕೇಳುವುದು ಲೇಸು.