ಅಂಟುವ ಕಲ್ಲಿದ್ದಲು, ಒತ್ತಡದ ಕುಲುಮೆ



ಕಲ್ಲಿದ್ದಲು ಎಂದೊಡನೆ ಹುಬ್ಬತಲೈಯವರಾದ ನಮಗೆ ನೆನಪಾಗುವುದು ಗಣಿಯಲ್ಲ, ಕೂನೂರಿನ ಏರನ್ನು ಏದುಸಿರುಬಿಡುತ್ತ ಹತ್ತುತ್ತಿದ್ದ ಉಗಿಬಂಡಿ. 1899ರಲ್ಲಿ ಕೂನೂರನ್ನೂ 1908ರಲ್ಲಿ ಉದಕಮಂಡಲವನ್ನೂ ಮುಟ್ಟಿದ ಆ ಮಾರ್ಗದ ಕೆಲಸದಲ್ಲಿ ನಮ್ಮೂರಿನ ರಾವ್ ಬಹಾದ್ದೂರ್ ಬೆಳ್ಳಿಗೌಡರು ಗುತ್ತಿಗೆದಾರರಾಗಿದ್ದರು. ಆ ಬಂಡಿಯಲ್ಲಿ ಕಲ್ಲಿದ್ದಲನ್ನು ಉರಿಸುತ್ತಿದ್ದರು. ಪೂರ್ತಿ ಉರಿಯಗೊಡದೆ ಅದನ್ನೇ ಅನಿಲವಾಗಿಸುವ ಬಗೆಯನ್ನು ನಾವಿಂದು ಹೇಳಹೊರಟಿದ್ದೇವೆ.

ದಪ್ಪ ಉಕ್ಕಿನ ಪಾತ್ರೆಗೆ ಮೇಲಿನಿಂದ ಕಲ್ಲಿದ್ದಲನ್ನು ಸುರಿದು, ಕೆಳಗಿನಿಂದ ಉಗಿಯನ್ನೂ ಅಳತೆಯ ಆಮ್ಲಜನಕವನ್ನೂ ಹಾಯಿಸುತ್ತಾರೆ. ಆಮ್ಲಜನಕ ಸಾಲದ ಕಾರಣ ಕಾರ್ಬನ್ ಮಾನಾಕ್ಸೈಡ್ ಮತ್ತು ಜಲಜನಕ ಹುಟ್ಟುತ್ತವೆ. ಎರಡೂ ಮುಂದೆ ಉರಿಯಬಲ್ಲವು, ಗೊಬ್ಬರಕ್ಕೂ ಒದಗಬಲ್ಲವು. 1930ರ ದಶಕದಲ್ಲಿ ಜರ್ಮನಿಯ ಲುರ್ಗಿ ಸಂಸ್ಥೆ ಇದನ್ನು ಸುಮಾರು 25 ವಾಯುಭಾರದ ಒತ್ತಡದಲ್ಲಿ ನಡೆಸಿತು. ಒತ್ತಡ ಏರಿದರೆ ಅಷ್ಟೇ ಪಾತ್ರೆಯಿಂದ ಹೆಚ್ಚು ಅನಿಲ, ಅದರಲ್ಲಿ ಹೆಚ್ಚು ಮೀಥೇನ್.

ತೊಡಕು ಕೋಕಿಂಗ್ ಕಲ್ಲಿದ್ದಲಿನದು. ಸುಮಾರು 400 ಡಿಗ್ರಿ ಶಾಖದಲ್ಲಿ ಅದು ಮೆತ್ತಗಾಗಿ, ಉಬ್ಬಿ, ಒಂದಕ್ಕೊಂದು ಅಂಟಿಕೊಳ್ಳುತ್ತದೆ. ಗಟ್ಟಿ ಕೋಕ್ ಬೇಕಾದ ಉಕ್ಕಿನವರಿಗೆ ಈ ಅಂಟೇ ಭಾಗ್ಯ. ಅನಿಲದ ಪಾತ್ರೆಯೊಳಗೆ ಅದೇ ಶನಿ: ಮುದ್ದೆ ಕಟ್ಟಿದ ಕಲ್ಲಿದ್ದಲು ಕೆಳಗಿಳಿಯದು, ಉಗಿ ಬಿರುಕುಗಳಲ್ಲಿ ನುಸುಳಿ ಹೋಗುತ್ತದೆ. ಆದ್ದರಿಂದ ಒಳಗೆ ತಿರುಗುವ ತೋಳನ್ನಿಟ್ಟು ಮುದ್ದೆಯನ್ನು ಒಡೆಯಬೇಕಾಯಿತು. ನಮ್ಮ ಅಭಿಪ್ರಾಯದಲ್ಲಿ, ಝರಿಯಾದಂಥ ಕೆಲವೇ ನೆಲೆಗಳಲ್ಲಿ ದೊರೆಯುವ, ಉಳಿದಂತೆ ಹಡಗಿನಲ್ಲಿ ತರಿಸುವ ಈ ಜಾತಿಯನ್ನು ಅನಿಲಕ್ಕೆ ಸುರಿಯುವುದು ದುಂದು.

ಬಳ್ಳಾರಿ ಸೀಮೆಯ ತೋರಣಗಲ್ಲಿನಲ್ಲಿ 1999ರಲ್ಲಿ ಆರಂಭವಾದ ಕೋರೆಕ್ಸ್ ಘಟಕ ಬೇರೆ ದಾರಿ ಹಿಡಿಯಿತು. ಅಲ್ಲಿ ಮುಖ್ಯವಾಗಿ ಕೋಕಿಂಗ್ ಅಲ್ಲದ ಕಲ್ಲಿದ್ದಲೇ ಒತ್ತಡದ ಕುಲುಮೆಯಲ್ಲಿ ಅನಿಲವಾಗಿ, ಅದಿರಿನ ಆಮ್ಲಜನಕವನ್ನು ಕಸಿದುಕೊಳ್ಳುತ್ತದೆ. ಉಳಿದ ಅನಿಲದಿಂದ ವಿದ್ಯುತ್ತು.

ಇದರಿಂದ ನಮ್ಮ ಗುಡ್ಡಕ್ಕೇನು ಎಂದು ಕೇಳುವಿರಿ. ಚಳಿಯ ರಾತ್ರಿ ಕಿಟಕಿ ಮುಚ್ಚಿ ಅಗ್ಗಿಷ್ಟಿಕೆಯಲ್ಲಿ ಇದ್ದಿಲು ಹಾಕಿ ಮಲಗಿದಾಗ ಕೋಣೆಯೊಳಗೆ ಹುಟ್ಟುವುದೂ ಇದೇ ಕಾರ್ಬನ್ ಮಾನಾಕ್ಸೈಡ್. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕದ ಸ್ಥಾನವನ್ನು ಅದು ಆಕ್ರಮಿಸುತ್ತದೆ, ಮಲಗಿದವರಿಗೆ ಎಚ್ಚರವಾಗುವುದಿಲ್ಲ. ಕಾರ್ಖಾನೆಯಲ್ಲಿ ಅದನ್ನು ಉಕ್ಕಿನ ಗೋಡೆಯೊಳಗೆ ಕಟ್ಟಿಹಾಕಿ, ಸೋರಿದರೆ ಕೂಗುವ ಗಂಟೆಯನ್ನೂ ಇಡುತ್ತಾರೆ. ನಮ್ಮ ಮನೆಗಳಲ್ಲಿ ಆ ಗಂಟೆಯಿಲ್ಲ. ಮಾರ್ಗಶಿರದ ಮಂಜು ಇಳಿಯುವ ಮುನ್ನ ಪ್ರತಿ ತರಗತಿಯಲ್ಲೂ ಒಂದು ದಿನ ಈ ಪಾಠ ನಡೆಯಲೆಂದು ಗುರುಗಳಲ್ಲಿ ನಮ್ಮ ಬಿನ್ನಹ.