ಕೊಬ್ಬು ಮತ್ತು ಸೊಕ್ಕು

ಕನ್ನಡದಲ್ಲಿ ‘ಕೊಬ್ಬು’ ಎಂಬ ಶಬ್ದಕ್ಕೆ ಎರಡು ಅರ್ಥಗಳುಂಟು. ಮೈಯಲ್ಲಿ ತುಂಬಿಕೊಳ್ಳುವ ಮೇದಸ್ಸು ಒಂದು. ನಡತೆಯಲ್ಲಿ ತೋರುವ ಉದ್ಧಟತನ ಇನ್ನೊಂದು. ‘ಅವನಿಗೆ ಕೊಬ್ಬು ಬಂದಿದೆ’ ಎಂದರೆ ಅವನು ವೈದ್ಯರನ್ನು ಕಾಣಲಿ ಎಂದು ಯಾರೂ ಅರ್ಥ ಮಾಡುವುದಿಲ್ಲ. ತುಂಬಿದ ಮೈ ಸೊಕ್ಕುತ್ತದೆ, ಬಡಕಲು ಮೈ ಬಾಗುತ್ತದೆ ಎಂಬ ನಂಬಿಕೆಯೊಂದು ಈ ಶಬ್ದದೊಳಗೆ ಅಡಗಿ ಕುಳಿತಿದೆ. ಭಾಷೆಯನ್ನು ಕಲಿಸಿಯೇ ಅನ್ನ ಉಂಡವನು ನಾನು. ಶಬ್ದಗಳ ಮೇಲೆ ದೂರು ಹೇಳುವುದು ನನಗೆ ತರವಲ್ಲ. ಆದರೂ ಈ ಶಬ್ದ ಎಲ್ಲ ಕಡೆಗೂ ಸಲ್ಲುವುದಿಲ್ಲವೆಂಬುದನ್ನು ನನ್ನ ಒಂಬತ್ತನೆಯ ವಯಸ್ಸಿನಲ್ಲಿ ಒಂದು ಕುದುರೆ ನನಗೆ ಕಲಿಸಿತು. ಆ ಪಾಠವನ್ನು ಇಂದು ನಿಮ್ಮ ಮುಂದೆ ಒಪ್ಪಿಸಬೇಕೆಂದಿದ್ದೇನೆ.

ಅದು 1969ನೆಯ ಇಸವಿ. ಗದಗ ಜಂಕ್ಷನ್ನಿನಲ್ಲಿ ಗಾಡಿ ನಿಂತೊಡನೆ ಪ್ರಯಾಣಿಕರನ್ನು ಬೆಟಗೇರಿಯತ್ತ ಒಯ್ಯುವುದಕ್ಕೆ ಟಾಂಗಾಗಳು ಸಾಲುಗಟ್ಟಿ ನಿಲ್ಲುತ್ತಿದ್ದ ಕಾಲ. ನಮ್ಮ ಓಣಿಯ ತುದಿಯಲ್ಲಿ ಒಬ್ಬ ಟಾಂಗಾದವರಿದ್ದರು. ಓಣಿಯ ಮಕ್ಕಳೆಲ್ಲ ಅವರನ್ನು ‘ಕಾಕಾ’ ಎಂದೇ ಕರೆಯುತ್ತಿದ್ದೆವು. ಅವರ ಹಳೆಯ ಕುದುರೆ ಸತ್ತಾಗ ಸಾಲ ಮಾಡಿ, ಲಕ್ಷ್ಮೇಶ್ವರದ ಕಡೆಯಿಂದ ಒಂದು ಹರೆಯದ ಹೆಣ್ಣುಕುದುರೆಯನ್ನು ಹೊಡೆದುಕೊಂಡು ಬಂದರು. ಕೆಂಪು ಬಣ್ಣ, ಹಣೆಯ ಮೇಲೆ ಬಿಳಿಯ ಚುಕ್ಕೆ. ಆದರೆ ಪಕ್ಕೆಲುಬುಗಳನ್ನು ದೂರದಿಂದಲೇ ಎಣಿಸಬಹುದಾಗಿತ್ತು. ಅದಕ್ಕಿಂತ ದೊಡ್ಡ ದೋಷವೆಂದರೆ ಅದರ ಬೆದರು ಸ್ವಭಾವ. ಹಾರಿಬಂದ ಒಂದು ಕಾಗದದ ಚೂರು ಸಾಕು, ಮೈಯೆಲ್ಲ ನಡುಗಿಸಿ ಅಡ್ಡ ಜಿಗಿಯುತ್ತಿತ್ತು. ಕಟ್ಟಿದ ಜಾಗದಲ್ಲಿ ನಿಲ್ಲದೆ ಇಡೀ ದಿನ ಕಾಲು ಕೆದರುತ್ತಿತ್ತು.

ಓಣಿಯ ಹಿರಿಯರೆಲ್ಲ ಸಲಹೆ ಕೊಟ್ಟರು. ‘ಕಾಳು ಹಾಕ್ರಿ ಸಾಬರ, ಮೈ ತಾನ ತುಂಬತೈತಿ’ ಎಂಬುದು ಎಲ್ಲರ ಮಾತು. ಕಾಕಾ ತಮ್ಮ ಊಟದಲ್ಲಿ ಉಳಿಸಿ ಕಡಲೆಯನ್ನು ಕೊಂಡು ತಂದರು. ಬೆಳಿಗ್ಗೆ ಒಂದು ಚೀಲ, ಸಂಜೆ ಒಂದು ಚೀಲ ಕಾಳನ್ನು ಮುಖಕ್ಕೆ ಕಟ್ಟುತ್ತಿದ್ದರು. ನಡುವೆ ಹುಲ್ಲಿಗೆ ದುಡ್ಡಿರುತ್ತಿರಲಿಲ್ಲ. ದಿನಕ್ಕೊಂದು ಸಣ್ಣ ಹೊರೆ ಕಣಿಕೆ, ಅಷ್ಟೆ. ನಾನೂ ನನ್ನ ಪಾಲಿನ ಸೇವೆ ಮಾಡಿದೆ. ದಿನವೂ ಮುಸ್ಸಂಜೆ ನಮ್ಮ ಮನೆಯ ಜೋಳದ ಚೀಲದಿಂದ ಎರಡು ಬೊಗಸೆ ಕದ್ದು, ಅಂಗಿಯ ಮಡಿಲಲ್ಲಿ ತಂದು, ಯಾರಿಗೂ ಕಾಣದಂತೆ ಅದರ ಮುಂದೆ ಸುರಿಯುತ್ತಿದ್ದೆ. ಅದರ ಬೆಚ್ಚನೆಯ ತುಟಿ ನನ್ನ ಅಂಗೈಯನ್ನು ಸವರುವಾಗ ಆಗುತ್ತಿದ್ದ ಆನಂದವನ್ನು ಈಗಲೂ ಮರೆತಿಲ್ಲ.

ತಿಂಗಳು ಕಳೆದರೂ ಮೈ ತುಂಬಲಿಲ್ಲ. ಬೆದರು ಮಾತ್ರ ಇಮ್ಮಡಿಯಾಯಿತು. ಒಂದು ಮುಂಜಾನೆ ಬೆಟಗೇರಿಯ ರಸ್ತೆಯಲ್ಲಿ ಲಾರಿಯೊಂದು ಹಾರನ್ ಬಾರಿಸಿದ್ದೇ ತಡ, ಕುದುರೆ ದಿಕ್ಕೆಟ್ಟು ಓಡಿ ಟಾಂಗಾವನ್ನು ಗಟಾರಕ್ಕೆ ಕೆಡವಿತು. ಗಾಲಿ ಮುರಿಯಿತು. ಒಳಗೆ ಕುಳಿತಿದ್ದ ಒಬ್ಬ ಮುದುಕಿಯ ಕೈ ಮುರಿಯಿತು. ಆಕೆಯ ಔಷಧಕ್ಕೆ, ಗಾಲಿಯ ರಿಪೇರಿಗೆ ಕಾಕಾ ಮತ್ತೆ ಸಾಲ ಮಾಡಿದರು. ‘ಇದಕ್ಕ ಸೊಕ್ಕು ಬಂದೈತಿ, ಕಾಳು ತಿಂದು ಕೊಬ್ಬೈತಿ’ ಎಂದು ಈಗ ಅದೇ ಹಿರಿಯರು ಹೇಳತೊಡಗಿದರು. ಎಲುಬು ಕಾಣುವ ಪ್ರಾಣಿಗೆ ಕೊಬ್ಬು ಎಲ್ಲಿಂದ ಬಂತೆಂದು ಯಾರೂ ಕೇಳಲಿಲ್ಲ. ಬಂದಷ್ಟು ಬೆಲೆಗೆ ಮಾರಿಬಿಡುವುದೆಂದು ಕಾಕಾ ನಿಶ್ಚಯಿಸಿದರು.

ಆ ವಾರವೇ ಮುಂಡರಗಿಯ ಕಡೆಯ ಒಬ್ಬ ವೃದ್ಧ ಕುರಿಗಾರ ಕೆಲಸದ ಮೇಲೆ ಊರಿಗೆ ಬಂದವನು ಕಾಕಾನ ಕಟ್ಟೆಯ ಮೇಲೆ ಕುಳಿತನು. ಕಪ್ಪತಗುಡ್ಡದ ಸುತ್ತಿನ ಶಿರಹಟ್ಟಿ, ಮುಂಡರಗಿಯ ಸೀಮೆಗಳಲ್ಲಿ ಕುರಿಯೊಡನೆ ಅಲೆದವನು. ಗಂಟುಮೂಟೆ ಹೊರುವ ತಟ್ಟುಗಳನ್ನು ಬಾಳೆಲ್ಲ ಸಾಕಿದವನು. ಅವನು ಕುದುರೆಯ ಕಣ್ಣನ್ನಾಗಲಿ ಕಾಲನ್ನಾಗಲಿ ಮೊದಲು ನೋಡಲಿಲ್ಲ. ಕೋಲಿನಿಂದ ಅದರ ಲದ್ದಿಯನ್ನು ಒಡೆದು ನೋಡಿದನು.

‘ಸಾಬರ, ಇದರಾಗ ಇಡೀ ಇಡೀ ಜ್ವಾಳದ ಕಾಳು ಅದಾವಲ್ರಿ?’

‘ನಾ ಜ್ವಾಳ ಹಾಕೂದಿಲ್ಲ ಯಜಮಾನ್ರ. ಬರೇ ಕಡ್ಲಿ.’

‘ಲದ್ದಿ ಸುಳ್ಳು ಹೇಳೂದಿಲ್ರಿ.’

ನನ್ನ ಕಾಲುಗಳು ನಡುಗಿದವು. ಇಬ್ಬರೂ ನನ್ನತ್ತ ತಿರುಗುವ ಮೊದಲೇ ನಾನು ಅಳಲಾರಂಭಿಸಿ ಎಲ್ಲವನ್ನೂ ಒಪ್ಪಿಕೊಂಡೆ. ಮುದುಕಿಯ ಕೈ ಮುರಿದದ್ದು ನನ್ನಿಂದಲೇ ಎಂಬ ಭಯ ಆ ಕ್ಷಣ ನನ್ನನ್ನು ಹಿಡಿಯಿತು. ಕಾಕಾ ಬೈಯಲಿಲ್ಲ. ಬಹಳ ಹೊತ್ತು ಸುಮ್ಮನಿದ್ದು, ‘ನೀ ಎರಡ ಬೊಗಸಿ ಹಾಕಿದಿ ತಮ್ಮಾ, ನಾ ಎರಡ ಚೀಲ ಹಾಕಿದ್ನಿ’ ಎಂದರು.

ಕುರಿಗಾರ ಕುದುರೆಯ ನಾಲಗೆಯನ್ನು ಪಕ್ಕಕ್ಕೆ ಹಿಡಿದು ದವಡೆಯ ಹಲ್ಲುಗಳ ಮೇಲೆ ಬೆರಳಾಡಿಸಿದನು. ಅಂಚುಗಳು ಚೂಪಾಗಿದ್ದವು, ಅಗಿಯಲಾರದೆ ಕಾಳನ್ನು ಹಾಗೆಯೇ ನುಂಗುತ್ತಿತ್ತು. ನಾಲು ಬಡಿಯುವವನನ್ನು ಕರೆಸಿ ಅವುಗಳನ್ನು ಅರದಿಂದ ಉಜ್ಜಿಸಿದ್ದಾಯಿತು. ಆಮೇಲೆ ಅವನು ಹೇಳಿದ ಕ್ರಮ ಹೀಗಿತ್ತು: ಕಾಳನ್ನು ದಿನದಿನಕ್ಕೆ ಸ್ವಲ್ಪಸ್ವಲ್ಪ ಇಳಿಸಬೇಕು. ಕುದುರೆಯ ಮುಂದೆ ಹಗಲಿರುಳೂ ಹುಲ್ಲಿರಬೇಕು. ಬಾವಿಯ ದಂಡೆಯ ಕರಿಕೆ, ಒಣಗಿದ ಶೇಂಗಾ ಹೊಟ್ಟು, ಸಣ್ಣಗೆ ಕತ್ತರಿಸಿದ ಕಣಿಕೆ. ಸಂಜೆಗೆ ಒಂದು ಹಿಡಿ ಅಗಸಿಯನ್ನು ಚೆನ್ನಾಗಿ ಕುದಿಸಿ, ಲೋಳೆಯಾದ ಮೇಲೆ ಬೂಸಾದಲ್ಲಿ ಕಲಸಿ, ಉಪ್ಪು ಬೆರೆಸಿ ಇಡಬೇಕು. ಹುರಳಿ ಹಾಕುವುದಾದರೆ ನೆನೆಸಿ ಬೇಯಿಸಿ ಒಂದು ಹಿಡಿ. ಹೇಳಿ ಮುಗಿಸಿ ಅವನು ಎದ್ದಾಗ ಕಾಕಾ ಕೇಳಿದರು: ‘ಇದರ ಸೊಕ್ಕು?’ ಅವನು ನಕ್ಕನು. ‘ಸೊಕ್ಕಲ್ರಿ ಅದು, ಹಸಿವು. ಹೊಟ್ಟಿ ಖಾಲಿ ಇದ್ದವ್ರು ಸುಮ್ಮ ನಿಂದರ್ತಾರೇನ್ರಿ?’

ಕರಿಕೆ ಕೊಯ್ದು ತರುವ ಕೆಲಸ ನನ್ನ ಪಾಲಿಗೆ ಬಂತು. ಶಾಲೆ ಬಿಟ್ಟೊಡನೆ ಕುಡುಗೋಲು ಹಿಡಿದು ಹೋಗುತ್ತಿದ್ದೆ. ಅದು ಶಿಕ್ಷೆಯೆಂದು ಯಾರೂ ಹೇಳಲಿಲ್ಲ. ಆದರೆ ನಾನು ಶಿಕ್ಷೆಯೆಂದೇ ತಿಳಿದು ಒಂದು ದಿನವೂ ತಪ್ಪಿಸಲಿಲ್ಲ.

ಆ ಕುರಿಗಾರನ ಮಾತಿನ ಹಿಂದಿನ ಶಾಸ್ತ್ರ ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ, ಪಶುವೈದ್ಯರಾದ ಮಿತ್ರರೊಬ್ಬರಿಂದ. ಎಮ್ಮೆ, ಆಕಳುಗಳಿಗಿರುವ ಮೆಲುಕಿನ ಹೊಟ್ಟೆ ಕುದುರೆಗಿಲ್ಲ. ದೊಡ್ಡ ಕುದುರೆಯ ಜಠರವೂ 8ರಿಂದ 15 ಲೀಟರು ಹಿಡಿಯುವಷ್ಟು ಚಿಕ್ಕದು. ಅದರಲ್ಲಿ ಆಮ್ಲ ಹಗಲಿರುಳೂ ಜಿನುಗುತ್ತಲೇ ಇರುತ್ತದೆ; ಅದನ್ನು ಶಮನಗೊಳಿಸುವ ಜೊಲ್ಲು ಮಾತ್ರ ಅಗಿಯುವಾಗಲಷ್ಟೇ ಬರುತ್ತದೆ. ಹುಲ್ಲಿಲ್ಲದೆ ಗಂಟೆಗಟ್ಟಲೆ ನಿಂತ ಕುದುರೆಯ ಹೊಟ್ಟೆ ಉರಿಯುತ್ತದೆ, ಹುಣ್ಣಾಗುತ್ತದೆ. ಉರಿಯುವ ಹೊಟ್ಟೆಯ ಪ್ರಾಣಿ ಕಾಲು ಕೆದರದೆ ಇನ್ನೇನು ಮಾಡೀತು? ಇನ್ನು ಕಾಳಿನ ಪಿಷ್ಟ. ಅದು ಬೇಗ ಸಕ್ಕರೆಯಾಗಿ ರಕ್ತಕ್ಕೆ ಸೇರಿ ಒಮ್ಮೆಲೆ ಹುರುಪನ್ನು ಕೊಡುತ್ತದೆ. ಹೆಚ್ಚಾದದ್ದು ಜೀರ್ಣವಾಗದೆ ದೊಡ್ಡ ಕರುಳಿಗೆ ಇಳಿದು ಅಲ್ಲಿ ಹುಳಿಯುತ್ತದೆ. ಅದರಿಂದ ಹೊಟ್ಟೆಶೂಲೆ, ಗೊರಸಿನೊಳಗಿನ ಉರಿಯೂತ, ನೆಮ್ಮದಿಯಿಲ್ಲದ ನಡವಳಿಕೆ. ಕುದುರೆಗೆ ವಾಂತಿ ಮಾಡಿಕೊಳ್ಳುವ ಶಕ್ತಿಯೂ ಇಲ್ಲ. ನುಂಗಿದ್ದನ್ನೆಲ್ಲ ಅನುಭವಿಸಿಯೇ ತೀರಬೇಕು.

ಆದ್ದರಿಂದ ಇಂದಿನ ತಜ್ಞರು ಒಂದು ಹೊತ್ತಿನ ಮೇವಿನಲ್ಲಿ ಪಿಷ್ಟವು ಕುದುರೆಯ ತೂಕದ ಕಿಲೋ ಒಂದಕ್ಕೆ 1 ಗ್ರಾಮನ್ನು ಮೀರದಿರಲಿ ಎನ್ನುತ್ತಾರೆ. 250 ಕಿಲೋ ತೂಗುವ ನಮ್ಮ ತಟ್ಟುವಿಗೆ ಇದು ಒಂದು ಹೊತ್ತಿಗೆ ಸುಮಾರು 350 ಗ್ರಾಂ ಜೋಳಕ್ಕೆ ಸಮ. ನನ್ನ ಎರಡು ಬೊಗಸೆಯೇ ಅಷ್ಟಿದ್ದೀತು! ಅದೇ ತಟ್ಟುವಿಗೆ ಒಣಮೇವು ದಿನಕ್ಕೆ 5 ಕಿಲೋಗೆ ಕಡಿಮೆಯಾಗಬಾರದು. ಮೈ ತುಂಬಬೇಕಾದರೆ ಇನ್ನೂ ಹೆಚ್ಚು. ನಾರು ದೊಡ್ಡ ಕರುಳಿನಲ್ಲಿ ನಿಧಾನವಾಗಿ ಕೊಳೆತು ದಿನವಿಡೀ ಸಮನಾಗಿ ಶಕ್ತಿ ನೀಡುತ್ತದೆ. ಕುಲುಮೆಯ ಜ್ವಾಲೆಯಂತಲ್ಲ, ಬೂದಿ ಮುಚ್ಚಿದ ಕೆಂಡದಂತೆ. ಅದೂ ಸಾಲದಾದರೆ ಎಣ್ಣೆ. ಒಂದು ಗ್ರಾಂ ಪಿಷ್ಟಕ್ಕಿಂತ ಒಂದು ಗ್ರಾಂ ಎಣ್ಣೆಯಲ್ಲಿ ಎರಡು ಪಟ್ಟಿಗೂ ಮೀರಿದ ಶಕ್ತಿ ಇದೆ. ಆದರೆ ಅದು ಹುರುಪಾಗಿ ಉಕ್ಕುವುದಿಲ್ಲ, ಮೈಗೆ ಹತ್ತುತ್ತದೆ. 1996ರಲ್ಲಿ ಅಮೆರಿಕದ ವರ್ಜೀನಿಯಾದ ಸಂಶೋಧಕರು ಮೇವಿಗೆ ಮೆಕ್ಕೆಜೋಳದ ಎಣ್ಣೆ, ಸೋಯಾ ಲೆಸಿಥಿನ್‌ಗಳನ್ನು ಸೇರಿಸಿ ನೋಡಿ, ಕುದುರೆಗಳು ಬೆಚ್ಚುವುದು ಕಡಿಮೆಯಾದುದನ್ನು ದಾಖಲಿಸಿದ್ದಾರೆ. ನಮ್ಮ ಕುರಿಗಾರನ ಕುದಿಸಿದ ಅಗಸಿ ಮಾಡಿದ್ದೂ ಇದೇ ಕೆಲಸವನ್ನು. ಕುಸುಬಿಯ ಎಣ್ಣೆಯಾದರೂ ಆದೀತು. ಎರಡು ಚಮಚದಿಂದ ಮೊದಲುಮಾಡಿ, ಎರಡು ಮೂರು ವಾರಗಳಲ್ಲಿ ನೂರು ಮಿಲಿಲೀಟರಿಗೆ ಏರಿಸಬಹುದು. ಅಗಸಿಯನ್ನು ಹಸಿಯಾಗಿ ನೆನೆಸಿ ಹಾಕಬಾರದು, ಕುದಿಸಲೇಬೇಕು. ಎಳೆಯ ಹಸಿ ಜೋಳದ ಬೆಳೆಯನ್ನು ಮೇಯಿಸಬಾರದು. ಎರಡರಲ್ಲಿಯೂ ವಿಷಾಂಶ ಉಂಟು. ಬೂಷ್ಟು ಹಿಡಿದ ಶೇಂಗಾ ಹೊಟ್ಟನ್ನು ಎಸೆಯಬೇಕು. ಎಲ್ಲಕ್ಕೂ ಮೊದಲು ಹಲ್ಲನ್ನೂ ಹೊಟ್ಟೆಯ ಜಂತುವನ್ನೂ ಪಶುವೈದ್ಯರಿಗೆ ತೋರಿಸಬೇಕು.

ಶಾಸ್ತ್ರವೆಂದರೆ ಹೊಸದೇ ಆಗಬೇಕೆಂದಿಲ್ಲ. ಕನ್ನಡದಲ್ಲಿಯೇ ಅಭಿನವಚಂದ್ರನ ‘ಅಶ್ವವೈದ್ಯ’, ಪದ್ಮಣಪಂಡಿತನ ‘ಹಯಸಾರಸಮುಚ್ಚಯ’ಗಳಂತಹ ಗ್ರಂಥಗಳು ಹುಟ್ಟಿವೆ. ನಾವು ಸಾಹಿತ್ಯದವರು ಅವುಗಳ ಹೆಸರನ್ನು ಚರಿತ್ರೆಯ ಪುಟದಲ್ಲಿ ಓದಿ ಮುಂದೆ ಸಾಗುತ್ತೇವೆ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಅಶ್ವಾಧ್ಯಕ್ಷನ ಕರ್ತವ್ಯಗಳನ್ನು ಹೇಳುವ ಪ್ರಕರಣವಿದೆ. ಧಾನ್ಯ, ಬೇಯಿಸಿದ ಹೆಸರು ಅಥವಾ ಉದ್ದು, ಲವಣ, ಹುಲ್ಲು ಇವುಗಳ ಜೊತೆಗೆ ಒಂದು ಪ್ರಸ್ಥ ‘ಸ್ನೇಹ’ವನ್ನೂ ಅಲ್ಲಿ ವಿಧಿಸಿದೆ. ಸ್ನೇಹವೆಂದರೆ ಜಿಡ್ಡು, ಎಣ್ಣೆ. ಅದೇ ಶಬ್ದಕ್ಕೆ ಒಲವು ಎಂಬ ಅರ್ಥವೂ ಇದೆಯೆಂದು ನಿಮಗೆ ನೆನಪಿಸಬೇಕಾಗಿಲ್ಲ. ಕನ್ನಡ ಜಿಡ್ಡಿನಲ್ಲಿ ಸೊಕ್ಕನ್ನು ಕಂಡರೆ ಸಂಸ್ಕೃತ ಅದರಲ್ಲಿ ಒಲವನ್ನು ಕಂಡಿತು. ಕುದುರೆಯ ಮಟ್ಟಿಗಂತೂ ಸಂಸ್ಕೃತದ ಮಾತೇ ದಿಟ.

ಮಹಾಭಾರತದ ವನಪರ್ವದಲ್ಲಿ ನಳನ ಕಥೆ ಬರುತ್ತದೆ. ಬಾಹುಕನ ವೇಷದಲ್ಲಿದ್ದ ನಳ, ಒಂದೇ ದಿನದಲ್ಲಿ ವಿದರ್ಭವನ್ನು ಮುಟ್ಟಬೇಕಾದಾಗ ಲಾಯದಿಂದ ಆರಿಸಿದ್ದು ಕೃಶವಾದ ಕುದುರೆಗಳನ್ನು. ಈ ಬಡಪ್ರಾಣಿಗಳು ನಮ್ಮನ್ನು ಮುಟ್ಟಿಸಿಯಾವೆ ಎಂದು ಋತುಪರ್ಣ ರಾಜ ಅನುಮಾನಿಸಿದ. ಅವು ಮುಟ್ಟಿಸಿದವು. ವೀರನಾರಾಯಣನ ಊರಿನಲ್ಲಿ ಬೆಳೆದ ನನಗೆ ಭಾರತದ ಕಥೆಗಳು ಗಮಕಿಗಳ ಬಾಯಿಂದಲೇ ಬಂದವು. ಈ ಪ್ರಸಂಗವನ್ನು ಕೇಳಿದಾಗಲೆಲ್ಲ ನನ್ನ ಕಣ್ಣಿಗೆ ಬರುವುದು ಹಣೆಯ ಮೇಲೆ ಬಿಳಿಯ ಚುಕ್ಕೆಯಿದ್ದ ಆ ಕೆಂಪು ಕುದುರೆ. ಕೃಶವಾದದ್ದೆಲ್ಲ ದುರ್ಬಲವಲ್ಲ, ಬೆದರುವುದೆಲ್ಲ ದುಷ್ಟವಲ್ಲ. ಎದುರಿಗಿರುವ ಪ್ರಾಣಿಗೆ ಏನು ಕೊರತೆಯೆಂದು ಅರಿಯುವ ಕಣ್ಣು ಬೇಕು. ಆ ಕಣ್ಣು ಬಾಹುಕನಿಗಿತ್ತು. ಮುಂಡರಗಿಯ ಕಡೆಯ ಆ ಕುರಿಗಾರನಿಗೂ ಇತ್ತು.

ಕುದುರೆ ಏನಾಯಿತೆಂದು ನೀವು ಕೇಳಬಹುದು. ಶ್ರಾವಣದಲ್ಲಿ ಮೊದಲಾದ ಹೊಸ ಮೇವು ದೀಪಾವಳಿಯ ಹೊತ್ತಿಗೆ ಫಲ ತೋರಿತು. ಪಕ್ಕೆಲುಬುಗಳು ಕಣ್ಣಿಗೆ ಕಾಣದಾದವು. ಕೈಯಿಟ್ಟು ಒತ್ತಿದರೆ ಮಾತ್ರ ತಿಳಿಯುತ್ತಿದ್ದವು. ಚರ್ಮಕ್ಕೆ ಹೊಳಪು ಬಂತು. ಕಾಲು ಕೆದರುವುದು ನಿಂತಿತು. ಆದರೆ ಸಾಧುವಾದ ಹಸುವಾಯಿತೆಂದರೆ ಅದು ಸುಳ್ಳಾದೀತು. ರೈಲಿನ ಶಿಳ್ಳೆಗೆ ಕೊನೆಯವರೆಗೂ ಕಿವಿ ನಿಮಿರಿಸಿ ಒಂದು ಹೆಜ್ಜೆ ಪಕ್ಕಕ್ಕೆ ಸರಿಯುತ್ತಿತ್ತು. ಹುಟ್ಟುಗುಣವನ್ನು ಮೇವು ಬದಲಿಸಲಾರದು. ಹುಟ್ಟುಗುಣಕ್ಕೆ ಬೆಂಕಿ ಹಚ್ಚದೆ ಇರಬಲ್ಲುದು, ಅಷ್ಟೆ. ಕಾಕಾ ಅದನ್ನು ಮಾರಲಿಲ್ಲ. ಅದೇ ಕುದುರೆ ಎಳೆದ ಟಾಂಗಾದಿಂದ ಅವರ ಎರಡೂ ಸಾಲಗಳು ತೀರಿದವು. ಕೈ ಮುರಿದಿದ್ದ ಆ ಮುದುಕಿ ಗುಣವಾದ ಮೇಲೆ ಮತ್ತೆ ಅದೇ ಟಾಂಗಾದಲ್ಲಿ ಕುಳಿತು ಬೆಟಗೇರಿಗೆ ಹೋದದ್ದನ್ನು ನಾನು ಕಣ್ಣಾರೆ ಕಂಡೆ. ಅಂದು ರಾತ್ರಿ ನನಗೆ ನೆಮ್ಮದಿಯ ನಿದ್ದೆ ಬಂತು.

ಅಂದಿನ ಟಾಂಗಾಗಳ ಜಾಗದಲ್ಲಿ ಇಂದು ಆಟೋಗಳು ನಿಲ್ಲುತ್ತವೆ. ಕುದುರೆಯನ್ನು ಈಗ ನಾವು ಹೆಚ್ಚಾಗಿ ಕಾಣುವುದು ಮದುವೆಯ ಮೆರವಣಿಗೆಯಲ್ಲಿ. ಬ್ಯಾಂಡಿನ ಸದ್ದು, ಪಟಾಕಿಯ ಹೊಗೆ, ಮೇಲೆ ಕುಳಿತ ವರ. ಮೈ ಮಿನುಗಲೆಂದು ಅದಕ್ಕೆ ಕಾಳು ತುಂಬಿಸಿ, ಬೆದರಿದಾಗ ‘ಕೊಬ್ಬಿದೆ’ ಎಂದು ಚಾಟಿಯೆತ್ತುವವರನ್ನು ಕಂಡಾಗ ನಾನು ಹತ್ತಿರ ಹೋಗಿ ಒಂದೇ ಪ್ರಶ್ನೆ ಕೇಳುತ್ತೇನೆ: ‘ಇವತ್ತು ಹುಲ್ಲು ಹಾಕೀರೇನ್ರಿ?’ ಕೆಲವರು ನಗುತ್ತಾರೆ. ಕೆಲವರು ಸ್ವಲ್ಪ ಹೊತ್ತು ಯೋಚಿಸುತ್ತಾರೆ. ಅಷ್ಟಾದರೂ ಸಾಕೆಂದು ನಾನು ಮನೆಯ ದಾರಿ ಹಿಡಿಯುತ್ತೇನೆ.