ಹದಿನೈದು ನಿಮಿಷ ಸುಮ್ಮನೆ ಕೂರೋದು ಇಷ್ಟು ಕಷ್ಟನಾ?

ಮೆಟ್ರೋದಲ್ಲಿ ನಿಂತ್ಕೊಂಡು ಕೇಳ್ತಿರೋರಿಗೆ, ಪಾತ್ರೆ ತೊಳೀತಾ ಕೇಳ್ತಿರೋರಿಗೆ, ನಿದ್ದೆ ಬರ್ತಿಲ್ಲ, ಏನೋ ಒಂದು ಓಡ್ತಿರ್ಲಿ ಅಂತ ಹಾಕ್ಕೊಂಡಿರೋರಿಗೆ, ಎಲ್ಲರಿಗೂ. ಇವತ್ತಿನ ವಿಷಯ ಮೌನ ಮತ್ತು ಏಕಾಂತ. ಮೌನದ ಬಗ್ಗೆ ಮೈಕ್ ಮುಂದೆ ಕೂತು ಮಾತಾಡೋದು ತಮಾಷೆಯಾಗಿದೆ, ಗೊತ್ತು. ಕ್ರೈಸ್ತ ಸಂಪ್ರದಾಯದಲ್ಲಿ ಇದನ್ನ ಒಂದು ಸಾಧನೆಯಾಗಿ ಹೇಗೆ ಮಾಡ್ಕೊಂಡು ಬಂದ್ರು ಅನ್ನೋದನ್ನ ನೋಡೋಣ. ಕೇಳೋಕೆ ನೀವು ಚರ್ಚ್‌ಗೆ ಹೋಗೋರೇ ಆಗಿರ್ಬೇಕು ಅಂತೇನಿಲ್ಲ.

2014ರಲ್ಲಿ ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಒಂದು ಪ್ರಯೋಗದ ವರದಿ ಪ್ರಕಟಿಸಿದ್ರು. ಒಬ್ಬೊಬ್ಬರನ್ನೇ ಖಾಲಿ ರೂಮಿನಲ್ಲಿ 15 ನಿಮಿಷ ಕೂರಿಸೋದು. ಫೋನ್ ಇಲ್ಲ, ಪುಸ್ತಕ ಇಲ್ಲ. ಒಂದು ಬಟನ್ ಇದೆ, ಒತ್ತಿದರೆ ಸಣ್ಣ ಕರೆಂಟ್ ಶಾಕ್. ಈ ಶಾಕ್ ಬೇಡ, ತಪ್ಪಿಸ್ಕೊಳ್ಳೋಕೆ ದುಡ್ಡು ಬೇಕಾದ್ರೂ ಕೊಡ್ತೀವಿ ಅಂತ ಮೊದಲೇ ಹೇಳಿದ್ದೋರು ಇವರು. ಆದರೂ 18 ಗಂಡಸರಲ್ಲಿ 12 ಜನ, 24 ಹೆಂಗಸರಲ್ಲಿ 6 ಜನ ಬಟನ್ ಒತ್ತಿದ್ರು. ಸುಮ್ಮನೆ ಕೂರೋದಕ್ಕಿಂತ ಶಾಕೇ ವಾಸಿ ಅನ್ನಿಸಿರಬೇಕು.

ಇದನ್ನ ಕೇಳಿದ ತಕ್ಷಣ ನಾವು ಫೋನನ್ನ ಬೈಯೋಕೆ ಶುರು ಮಾಡ್ತೀವಿ. ರೀಲ್ಸ್ ಬಂದು ನಮ್ಮ ತಾಳ್ಮೆ ಹೋಯ್ತು, ಅಂತ. ನನಗೆ ಅದು ಅರ್ಧ ಸತ್ಯ ಅನ್ಸುತ್ತೆ. ಯಾಕೆ ಅಂದ್ರೆ ಇದೇ ರೋಗವನ್ನ 1,600 ವರ್ಷಗಳ ಹಿಂದೆ ಈಜಿಪ್ಟಿನ ಮರುಭೂಮಿಯಲ್ಲಿ ಕೂತು ಒಬ್ಬರು ಬರೆದಿಟ್ಟಿದ್ದಾರೆ. ಅವರ ಹೆಸರು ಇವಾಗ್ರಿಯಸ್. ಕಾನ್‌ಸ್ಟಾಂಟಿನೋಪಲ್‌ನಂಥ ರಾಜಧಾನಿಯಲ್ಲಿ ಹೆಸರು ಮಾಡಿದ್ದ ಬುದ್ಧಿವಂತ, ಎಲ್ಲ ಬಿಟ್ಟು ಈಜಿಪ್ಟಿಗೆ ಹೋಗಿ ಸನ್ಯಾಸಿಗಳ ಜೊತೆ ಸೇರ್ಕೊಂಡ್ರು. ತೀರಿಕೊಂಡಿದ್ದು 399ರಲ್ಲಿ.

ಅವರು ಹೇಳೋ ರೋಗಕ್ಕೆ ಗ್ರೀಕ್‌ನಲ್ಲಿ 'ಅಕೀಡಿಯಾ' ಅಂತಾರೆ. ಸೋಮಾರಿತನ ಅಂದ್ರೆ ಸರಿ ಹೋಗಲ್ಲ, ಬೇಜಾರು ಅಂದ್ರೂ ಪೂರ್ತಿ ಆಗಲ್ಲ. ಇದ್ದಲ್ಲಿ ಇರೋಕಾಗದ ಚಡಪಡಿಕೆ ಅನ್ನಬಹುದು. ಬೆಳಗ್ಗೆ ಹತ್ತರಿಂದ ಮಧ್ಯಾಹ್ನ ಎರಡರವರೆಗೆ ಇದರ ಕಾಟವಂತೆ. ಸನ್ಯಾಸಿ ತನ್ನ ಗುಡಿಸಲಲ್ಲಿ ಕೂತಿದ್ದಾನೆ. ಹೊತ್ತೇ ಸರೀತಿಲ್ಲ, ಒಂದು ದಿನಕ್ಕೆ ಐವತ್ತು ಗಂಟೆ ಇದ್ದಂಗೆ. ಊಟದ ಹೊತ್ತಿಗೆ ಇನ್ನೆಷ್ಟಿದೆ ಅಂತ ಎದ್ದು ಬಂದು ಸೂರ್ಯನ್ನ ನೋಡ್ತಾನೆ. ಯಾರಾದ್ರೂ ಬರ್ತಿದ್ದಾರಾ ಅಂತ ದಾರಿ ನೋಡ್ತಾನೆ. ಆಮೇಲೆ ಈ ಜಾಗವೇ ಸರಿ ಇಲ್ಲ, ಇಲ್ಲಿನ ಜನಕ್ಕೆ ಪ್ರೀತಿನೇ ಇಲ್ಲ, ಬೇರೆ ಕಡೆ ಹೋದ್ರೆ ಚೆನ್ನಾಗಿರ್ತೀನಿ ಅನ್ಸೋಕೆ ಶುರುವಾಗುತ್ತೆ. ಮನೆಯವರ ನೆನಪು ಬರುತ್ತೆ.

ನೋಟಿಫಿಕೇಶನ್ ಬಂದಿದ್ಯಾ ಅಂತ ಸ್ಕ್ರೀನ್ ಆನ್ ಮಾಡಿ ನೋಡಿ, ಮತ್ತೆ ಕೆಳಗಿಟ್ಟು, ಎರಡೇ ನಿಮಿಷಕ್ಕೆ ಮತ್ತೆ ಎತ್ತಿಕೊಳ್ಳೋದಕ್ಕೂ ಇದಕ್ಕೂ ಏನ್ ವ್ಯತ್ಯಾಸ ಹೇಳಿ? ಅವರ ಹತ್ರ ಫೋನ್ ಇರಲಿಲ್ಲ, ಸೂರ್ಯ ಇದ್ದ.

ಇದಕ್ಕೆ ಮರುಭೂಮಿಯವರು ಕಂಡ್ಕೊಂಡ ಔಷಧಿ ನನಗೆ ತುಂಬಾ ಇಷ್ಟ. ಕ್ರೈಸ್ತ ಸನ್ಯಾಸಿಗಳ ಪಿತಾಮಹ ಅಂತ ಕರೆಯೋ ಅಂತೋಣಿಯವರ ಬಗ್ಗೆ ಒಂದು ಕಥೆ ಇದೆ. ಅವರಿಗೂ ಈ ಚಡಪಡಿಕೆ ಬಂದು, ಏನ್ ಮಾಡ್ಲಿ ದೇವರೇ ಅಂತ ಕೇಳ್ತಾರೆ. ಹೊರಗೆ ಬಂದು ನೋಡಿದ್ರೆ ತನ್ನಂಥೋನೇ ಒಬ್ಬ ಕೂತು ಹಗ್ಗ ಹೆಣೀತಿದ್ದಾನೆ. ಎದ್ದು ಪ್ರಾರ್ಥನೆ ಮಾಡ್ತಾನೆ, ಮತ್ತೆ ಕೂತು ಹಗ್ಗ ಹೆಣೀತಾನೆ, ಮತ್ತೆ ಏಳ್ತಾನೆ. ಅಷ್ಟೇ. ತಲೆಯನ್ನ ಪೂರ್ತಿ ಖಾಲಿ ಮಾಡು ಅಂತ ಯಾರೂ ಹೇಳಲಿಲ್ಲ. ಕೈಗೊಂದು ಸಣ್ಣ ಕೆಲಸ, ಮಧ್ಯೆ ಮಧ್ಯೆ ದೇವರ ಕಡೆ ತಿರುಗೋದು, ಜಾಗ ಬಿಟ್ಟು ಓಡದೇ ಇರೋದು. ಮೌನವ್ರತ ನಮಗೆ ಹೊಸದಲ್ಲ, ವಿಪಶ್ಯನಕ್ಕೆ ಹೋಗಿ ಬಂದೋರೂ ಇದ್ದೀರ. ಆದ್ರೆ ಕ್ರೈಸ್ತರ ಮೌನದಲ್ಲಿ ಎದುರಿಗೆ ಒಬ್ಬರಿದ್ದಾರೆ ಅನ್ನೋ ನಂಬಿಕೆ ಮುಖ್ಯ. ಮಾತು ನಿಲ್ಲಿಸೋದು ಅವರ ಮಾತು ಕೇಳಿಸ್ಕೊಳ್ಳೋಕೆ.

ಇದರ ಬೇರು ಇರೋದು ಯೇಸುವಿನ ಅಭ್ಯಾಸದಲ್ಲೇ. ಮಾರ್ಕನ ಸುವಾರ್ತೆಯ ಮೊದಲನೇ ಅಧ್ಯಾಯ ತೆಗೆದು ನೋಡಿ. ಹಿಂದಿನ ಸಾಯಂಕಾಲ ಇಡೀ ಊರು ಮನೆ ಬಾಗಿಲಿಗೆ ಬಂದಿತ್ತು, ಕಾಯಿಲೆಯವರನ್ನೆಲ್ಲ ಕರ್ಕೊಂಡು. ಮಾರನೇ ದಿನ ಇನ್ನೂ ಕತ್ತಲಿರುವಾಗಲೇ ಯೇಸು ಎದ್ದು ಯಾರೂ ಇಲ್ಲದ ಜಾಗಕ್ಕೆ ಹೋಗಿ ಪ್ರಾರ್ಥನೆ ಮಾಡ್ತಾರೆ. ಸೀಮೋನ ಹುಡುಕ್ಕೊಂಡು ಬಂದು, ಎಲ್ಲರೂ ನಿಮ್ಮನ್ನೇ ಕೇಳ್ತಿದ್ದಾರೆ ಅಂತಾನೆ. ನಾನಾಗಿದ್ರೆ ಖುಷಿಯಿಂದ ವಾಪಸ್ ಓಡ್ತಿದ್ದೆ. ಅಷ್ಟು ಡಿಮ್ಯಾಂಡ್ ಇದೆ ಅಂದ್ರೆ ಯಾರು ಬಿಡ್ತಾರೆ? ಯೇಸು ಹೇಳಿದ್ದು, ಬೇರೆ ಊರುಗಳಿಗೆ ಹೋಗೋಣ ಅಂತ. ಜನ ಏನು ಕೇಳ್ತಿದ್ದಾರೆ, ತಾನು ಬಂದಿದ್ದು ಯಾತಕ್ಕೆ, ಇವೆರಡನ್ನೂ ಬೇರೆ ಮಾಡಿ ನೋಡೋಕೆ ಆ ಕತ್ತಲಿನ ಹೊತ್ತು ಬೇಕಿತ್ತು ಅಂತ ನಾನು ಓದ್ಕೋತೀನಿ.

ಸರಿ, ಮೌನ ಅಂದ್ರೆ ಜವಾಬ್ದಾರಿಯಿಂದ ಓಡಿ ಹೋಗೋದಲ್ವಾ? ನ್ಯಾಯವಾದ ಪ್ರಶ್ನೆ. ಇದಕ್ಕೆ ಡೀಟ್ರಿಚ್ ಬಾನ್‌ಹಾಫರ್ ಅವರನ್ನ ನೋಡ್ಬೇಕು. 1935ರಲ್ಲಿ, ಹಿಟ್ಲರನ ಕಾಲದಲ್ಲಿ, ನಾಜಿಗಳ ಹಿಡಿತಕ್ಕೆ ಒಪ್ಪದ ಚರ್ಚಿನ ಪಾಸ್ಟರ್‌ಗಳಿಗೆ ಫಿಂಕನ್‌ವಾಲ್ಡೆ ಅನ್ನೋ ಕಡೆ ತರಬೇತಿ ಕೊಡ್ತಿದ್ರು. ದಿನಾ ಅರ್ಧ ಗಂಟೆ ಮೌನ ಧ್ಯಾನ ಕಡ್ಡಾಯ. ಒಂದೇ ವಾಕ್ಯಭಾಗ, ಇಡೀ ವಾರ. ಹುಡುಗರಿಗೆ ಸಿಟ್ಟು. ಹೊರಗಡೆ ದೇಶ ಹೊತ್ತಿ ಉರೀತಿದೆ, ಇಲ್ಲಿ ಕಣ್ಮುಚ್ಚಿ ಕೂರೋದಾ? ಕೆಲವರಿಗೆ ನಿದ್ದೆನೇ ಬರ್ತಿತ್ತು. ಬಾನ್‌ಹಾಫರ್ ಬಿಡಲಿಲ್ಲ. ಅಲ್ಲಿ ಇನ್ನೊಂದು ನಿಯಮ ಇತ್ತು: ಇಲ್ಲದೇ ಇರೋರ ಬಗ್ಗೆ ಮಾತಾಡಬಾರದು, ಆಡಿಬಿಟ್ರೆ ಆಮೇಲೆ ಅವರಿಗೇ ಹೋಗಿ ಹೇಳ್ಬೇಕು. ನಮ್ಮ ವಾಟ್ಸಾಪ್ ಗ್ರೂಪ್‌ಗಳಲ್ಲಿ ಈ ನಿಯಮ ತಂದ್ರೆ ಎಷ್ಟು ಗ್ರೂಪ್ ಉಳಿಯುತ್ತೋ ನೋಡಿ. 1937ರಲ್ಲಿ ಗೆಸ್ಟಾಪೊ ಆ ಜಾಗ ಮುಚ್ಚಿಸಿತು. 1945ರ ಏಪ್ರಿಲ್ 9ರಂದು ಬಾನ್‌ಹಾಫರ್‌ನ ಗಲ್ಲಿಗೇರಿಸಿದ್ರು. ಅವರನ್ನ ಓಡಿ ಹೋದೋರು ಅನ್ನೋಕೆ ನನಗಂತೂ ಬಾಯಿ ಬರಲ್ಲ.

ಬೆಂಗಳೂರಿನವರಿಗೆ ಒಂದು ಸಣ್ಣ ಮಾಹಿತಿ: 1955ರಲ್ಲಿ ಇಂಗ್ಲೆಂಡಿನ ಬೆನೆಡಿಕ್ಟೈನ್ ಸನ್ಯಾಸಿ ಬೀಡ್ ಗ್ರಿಫಿತ್ಸ್ ಭಾರತಕ್ಕೆ ಬಂದಾಗ ಮೊದಲು ನೆಲೆ ನಿಂತಿದ್ದು ನಮ್ಮ ಕೆಂಗೇರಿಯಲ್ಲಿ. ಈಗಿನ ಕೆಂಗೇರಿ ಟ್ರಾಫಿಕ್‌ನಲ್ಲಿ ಸಿಕ್ಕಿಹಾಕ್ಕೊಂಡಾಗ ಇದನ್ನ ನೆನಪಿಸ್ಕೊಂಡು ನಗ್ಬಹುದು.

ಅದೆಲ್ಲ ಸರಿ ಅಕ್ಕ, ನಾವು ನಾಲ್ಕು ಜನ ಇರೋ ಪೀಜಿ ರೂಮಿನಲ್ಲಿ ಏಕಾಂತ ಎಲ್ಲಿಂದ ತರೋದು ಅಂತೀರಾ? ಜಾನ್ ವೆಸ್ಲಿಯ ತಾಯಿ ಸುಸಾನಾ ಹೆತ್ತಿದ್ದು 19 ಮಕ್ಕಳನ್ನ. ಪ್ರಾರ್ಥನೆಗೆ ಕೂತಾಗ ಏಪ್ರನ್ ಎತ್ತಿ ತಲೆ ಮೇಲೆ ಹಾಕ್ಕೋತಿದ್ರು, ಮಕ್ಕಳು ತೊಂದರೆ ಕೊಡ್ತಿರಲಿಲ್ಲ ಅಂತ ಹೇಳ್ತಾರೆ. ದುಪಟ್ಟಾ ಇದೆ, ಹೊದಿಕೆ ಇದೆ. ಟೆರೇಸ್ ಇದೆ, ಓನರ್ ಬೀಗ ಹಾಕದಿದ್ರೆ. ಹಗಲು ಹೊತ್ತಲ್ಲಿ ಖಾಲಿ ಇರೋ ಚರ್ಚ್‌ಗಳಿವೆ, ಹಿಂದಿನ ಬೆಂಚಲ್ಲಿ ಕೂತ್ರೆ ಸಾಮಾನ್ಯವಾಗಿ ಯಾರೂ ಕೇಳಲ್ಲ. ಫೋನನ್ನ ಸೈಲೆಂಟ್ ಮಾಡೋದು ಸಾಲಲ್ಲ, ಬೇರೆ ಕಡೆ ಇಡಿ. ಮೊದಲ ಐದು ನಿಮಿಷ ತಲೆಯಲ್ಲಿ ಬಾಡಿಗೆ, ಇಎಂಐ, ಯಾರೋ ಅಂದ ಮಾತು, ಎಲ್ಲ ಸಂತೆ ಸೇರುತ್ತೆ. ಸೇರ್ಲಿ. ಬಿಕಾಂ ಓದಿದೋಳಿಗೆ ರಿಟರ್ನ್ ಎಷ್ಟು ಅಂತ ಕೇಳೋ ಚಾಳಿ. ಇಲ್ಲಿ ಆ ಲೆಕ್ಕ ಬರೆಯೋಕೆ ಹೋದ್ರೆ ಎರಡನೇ ವಾರಕ್ಕೇ ಬಿಟ್ಟುಬಿಡ್ತೀರ.

ಇನ್ನೊಂದು ಮಾತು ಹೇಳ್ಲೇಬೇಕು. ನಾವೇ ಆರಿಸ್ಕೊಂಡ ಮೌನ ಬೇರೆ, ಬಾಯಿ ಮುಚ್ಚಿಸೋದು ಬೇರೆ. ಮನೆಯಲ್ಲೋ ಸಭೆಯಲ್ಲೋ ಯಾರಾದ್ರೂ ನಿಮಗೆ ಅನ್ಯಾಯ ಮಾಡಿ, ಸುಮ್ಮನಿರು, ಪ್ರಾರ್ಥನೆ ಮಾಡು ಅಂದ್ರೆ ಅದು ಸಾಧನೆ ಅಲ್ಲ. ನಂಬಿಕೆ ಇರೋರ ಹತ್ರ ಹೇಳಿ. ಹಾಗೇ ಒಂಟಿಯಾಗಿದ್ದಾಗ ಬದುಕೇ ಬೇಡ ಅನ್ನೋ ಯೋಚನೆ ಬರ್ತಿದ್ರೆ ಈಗ ಏಕಾಂತದ ಪ್ರಯೋಗ ಬೇಡ. ಯಾರ ಜೊತೆಗಾದ್ರೂ ಇರಿ, ಟೆಲಿಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಮರುಭೂಮಿಯಲ್ಲೂ ಹೊಸಬರನ್ನ ಒಬ್ಬರೇ ಇರೋಕೆ ಬಿಡ್ತಿರಲಿಲ್ಲ, ಮೊದಲು ಒಬ್ಬ ಹಿರಿಯರ ಹತ್ರ ಇದ್ದು ಕಲೀಬೇಕಿತ್ತು.

ಮಾಮೂಲಾಗಿ ಎಪಿಸೋಡ್ ಮುಗಿದ ತಕ್ಷಣ ಮ್ಯೂಸಿಕ್ ಬರುತ್ತೆ. ಇವತ್ತು ಹಾಕಿಲ್ಲ. ಒಂದು ನಿಮಿಷ ಏನೂ ಕೇಳಿಸಲ್ಲ, ನೆಟ್‌ವರ್ಕ್ ಹೋಯ್ತು ಅಂದ್ಕೋಬೇಡಿ.